ಜಾಲಿಗಿಡದ ಬುತ್ತಿ

ಡಿ. 4, 1978, ಸೋಮವಾರ. ಮಧ್ಯಾಹ್ನ 12:40

ಇವತ್ತೂ ಬಸ್ ಲೇಟ್. ಸ್ಟ್ಯಾಂಡಿನಲ್ಲಿ ಯಾಕೂಬ ಚಾಚಾನ ಚಹಾದಂಗಡಿ ಮುಂದೆ ಅರ್ಧ ತಾಸು ನಿಂತೆ. ಕೆಮಿಸ್ಟ್ರಿ ಪಿರಿಯಡ್ ಹೋಯಿತು. ನರ್ವಸ್ ಆಗಿ ಉಗುರು ಕಚ್ಚಿದೆ.

ಅಂಗಡಿಯ ಬೆಂಚಿನ ಮೇಲೆ ಬುತ್ತಿಗಳ ಸಾಲು. ಹಾಸ್ಟೆಲ್, ರೂಮುಗಳಲ್ಲಿರುವ ನಮ್ಮಂಥವರಿಗೆ ಹಳ್ಳಿಯಿಂದ ಬಸ್ಸಿನಲ್ಲಿ ಬರುವ ಊಟ. ಯಾವುದರ ಮೇಲೂ ಹೆಸರಿಲ್ಲ. ಅರಿವೆ ನೋಡಿ ಎತ್ತಿಕೊಳ್ಳಬೇಕು. ನನ್ನದು ಅಬ್ಬಾನ ಹಳೆ ಹಸಿರು ಲುಂಗಿಯ ತುಂಡು, ಮೇಲೆ ಅವನ ತಾಯಿ ದಾದಿಮಾಳ ಎಡಗೈ ಗಂಟು. ರೂಮ್‌ಮೇಟ್ ಗುರುಬಸವ್ವನದು ಬಿಳಿ ಧೋತರ. ಅವಳದು ಬಬಲೇಶ್ವರದ ಬಸ್ಸು, ನನ್ನದು ಹೊನವಾಡದ್ದು. ಎರಡು ಹಾದಿಯ ರೊಟ್ಟಿ ಒಂದೇ ತಾಟಿನಲ್ಲಿ ತಿನ್ನುತ್ತೇವೆ.

ಡ್ರೈವರ್ ಅಮರಪ್ಪ ಇಳಿಯುವ ಮೊದಲೇ ಕೂಗಿದ, "ಏ ಗುಲಶನ, ನಿಮ್ಮ ಆಯಿ ಬೈದಾಳಬೇ! ಮೊನ್ನೆ ಡಬ್ಬಿ ಬರೇದ ಕಳಿಸೀದಿ ಅಂತ."

ದಾದಿಮಾಳ ಬೈಗುಳ ಇಡೀ ಸ್ಟ್ಯಾಂಡಿಗೆ ಕೇಳಿಸಿತು. ಈಡಿಯಟ್ ನಾನು, ಟೆಸ್ಟ್ ಗಡಿಬಿಡಿಯಲ್ಲಿ ಮರೆತಿದ್ದೆ. ಇರುವುದು ಎರಡು ಡಬ್ಬಿ. ತುಂಬಿದ್ದು ಬಂದಾಗ ನಿನ್ನೆಯದನ್ನು ತೊಳೆದು ಅದೇ ಬಸ್ಸಿಗೆ ಕೊಡುವುದು. ಆದರೆ ಬರಿದು ಹೋಗಬಾರದು. ಒಂದು ಪುಡಿಕೆ ಸಕ್ಕರೆಯಾದರೂ ಇರಬೇಕು. ಸಕ್ಕರೆ ಬಂದರೆ ಹುಡುಗಿ ಉಂಡಿದ್ದಾಳೆ ಎಂದು ದಾದಿಮಾ ತಾನು ಉಣ್ಣಲು ಕೂಡುತ್ತಾಳೆ.

ಶನಿವಾರ ಅವಳು ಉಂಡಿಲ್ಲವೇನೋ.

ಡಿ. 9, ಶನಿವಾರ

ನಮ್ಮ ಹೊನವಾಡದ ಹೊಸ ಡಾಂಬರು ರೋಡು ಗುರುವಾರ ಓಪನ್ ಅಂತೆ. ಯಾಕೂಬ ಚಾಚಾನ ಅಂಗಡಿಯಲ್ಲಿ ಬೇರೆ ಮಾತೇ ಇಲ್ಲ.

"ಹನ್ನೊಂದ ವರ್ಷ ಜಗಳಾಡಿದ್ರಿ, ಇನ್ನರೆ ಬಾಯಿ ಮುಚ್ರಿ," ಎಂದ ಟಿಕೋಟಾದವನೊಬ್ಬ.

"ನಿಮಗ ರೋಡು, ನಮಗ ಧೂಳ. ಬಬಲೇಶ್ವರದವ್ರೇನ್ ಪಾಪ ಮಾಡೇವಿ?"

"ನೀವೂ ಹನ್ನೊಂದ ವರ್ಷ ಜಗಳಾಡ್ರಿ, ಬರತೈತಿ."

ಎಲ್ಲರೂ ನಕ್ಕರು. ಚಾಚಾ ಮಾತ್ರ ನಗಲಿಲ್ಲ. ಬೆಂಚು ಒರೆಸುತ್ತ ಅಂದ, "ಹುಡುಗ್ರೆಲ್ಲ ಮನಿಯಿಂದನ ಬಂದು ಹೋಗಾಕ ಹತ್ತಿದ್ರ ಈ ಬೆಂಚಿನ ಮ್ಯಾಲ ಯಾರ ಬುತ್ತಿ ಇಡ್ಲಿ?"

ನಮ್ಮ ಮನೆಯಲ್ಲೂ ಜಗಳವಾಗಿತ್ತು. ಹಳೆ ಹಾದಿ ನಮ್ಮ ವಸ್ತಿ ಮನೆಯ ಬಾಗಿಲಿಗೆ ಹತ್ತಿಯೇ ಹೋಗುತ್ತದೆ. ಹೊಸದು ಒಂದೂವರೆ ಮೈಲು ಆಚೆ, ನಮ್ಮದೇ ಜೋಳದ ಹೊಲ ಸೀಳಿಕೊಂಡು. ಅಬ್ಬಾ ಮೊದಲು ವಿರೋಧದ ಅರ್ಜಿಗೆ ಸಹಿ ಹಾಕಿ, ಆಮೇಲೆ ರೋಡು ಬೇಕೆನ್ನುವವರ ಅರ್ಜಿಗೂ ಹಾಕಿದ. ದಾದಿಮಾ ಒಂದು ತಿಂಗಳು ಮಗನ ಜೊತೆ ಮಾತು ಬಿಟ್ಟಳು. ಆಮೇಲೆ ಒಂದೇ ಮಾತು — "ಆ ರೋಡಿನ ಮ್ಯಾಲ ನಾ ಕಾಲಿಡೂದಿಲ್ಲ."

ನಮ್ಮಲ್ಲಿ ಸ್ಟಾಪ್ ಎಂಬುದೇ ಇಲ್ಲ. ಜಾಲಿಗಿಡ ಇದೆ. ಗಿಡದ ಕೆಳಗೆ ದಾದಿಮಾ. ಅಮರಪ್ಪ ಬಸ್ ನಿಲ್ಲಿಸುವುದಿಲ್ಲ, ಗೇರ್ ಇಳಿಸಿ ಕಿಟಕಿಯಿಂದ ಕೈ ಚಾಚುತ್ತಾನೆ. ಅವಳು ನಾಲ್ಕು ಹೆಜ್ಜೆ ಓಡಿ ಕೊಡುತ್ತಾಳೆ. ಇದು ಏಳನೇ ವರ್ಷ. ಅಮ್ಮಾ ರೊಟ್ಟಿ ಬಡಿಯಬಹುದು. ಗಂಟು ಕಟ್ಟಿ ಬಸ್ಸಿಗೆ ಕೊಡುವುದು ಮಾತ್ರ ಅವಳೇ.

ಡಿ. 14, ಗುರುವಾರ. ಸಂಜೆ

ಕ್ಲಾಸ್ ತಪ್ಪಿಸಿ ಸ್ಟ್ಯಾಂಡಿಗೆ ಹೋದೆ. ವಾರ್ಡನ್‌ಗೆ ಹೊಟ್ಟೆನೋವು ಎಂದೆ.

ಬಸ್ಸಿಗೆ ಬಾಳೆಕಂದು, ಚೆಂಡುಹೂವು. ಅಮರಪ್ಪನ ಕೊರಳಲ್ಲಿ ಮೂರು ಹಾರ. ಹೊನವಾಡದಿಂದ ಒಂದು ತಾಸು ಐದು ಮಿನಿಟು! ಮೊದಲು ಎರಡೂವರೆ ತಾಸು. ಇಳಿದವರೆಲ್ಲ ಒಟ್ಟಿಗೇ ಮಾತಾಡುತ್ತಿದ್ದರು. ದ್ರಾಕ್ಷಿ ಬುಟ್ಟಿ ತಂದವನು ಹಣ್ಣು ಒಂದೂ ಒಡೆದಿಲ್ಲ ಎಂದು ಕಂಡವರಿಗೆಲ್ಲ ಎತ್ತಿ ತೋರಿಸಿದ. ಒಬ್ಬ ಮುದುಕ ಡಾಂಬರು ಹೊಲಸಾಗಬಾರದೆಂದು ಚಪ್ಪಲಿ ಕೈಯಲ್ಲಿ ಹಿಡಿದು ಬಸ್ ಹತ್ತಿದ್ದನಂತೆ. ಒಬ್ಬ ಹೆಂಗಸು ಮಡಿಲಿನಿಂದ ನಿಂಬೆಹಣ್ಣು ತೆಗೆದು, "ವಾಂತಿ ಬರೂದರಾಗ ಊರ ಬಂತು, ನಿಂಬಿಹಣ್ಣ ದಂಡ ಆತು!" ಎಂದಳು. ಎತ್ತಿನ ಗೊರಸು ಜಾರುತ್ತದೆ ಎಂದು ಗೊಣಗಿದವರೂ ಇದ್ದರು.

ನಾನೂ ನಕ್ಕೆ. ನಗುತ್ತಲೇ ಬೆಂಚಿನ ಕಡೆ ನೋಡಿದೆ. ಹಸಿರು ಇಲ್ಲ.

"ನಿಮ್ಮ ಹೊಲದ ಮೂಲಿಗೆ ಸಾವಕಾಶ ಮಾಡಿದೆನವ್ವಾ," ಎಂದ ಅಮರಪ್ಪ. ಹಾರದ ಹೂವು ಬಾಯಿಗೆ ಬರುತ್ತಿತ್ತು, ಉಗುಳಿದ. "ನಿಮ್ಮ ಆಯಿ ಇರಲಿಲ್ಲ."

ಎಲ್ಲಿ ನಿಂತಿದ್ದಾಳೆಂದು ನನಗೆ ಗೊತ್ತು. ಅವನಿಗೂ ಗೊತ್ತು.

ಡಿ. 17, ರವಿವಾರ

ಅಬ್ಬಾ ಬಂದಿದ್ದ. ಹೊಸ ಬಸ್ಸಿನಲ್ಲಿ ಬಂದ ಖುಷಿ, ಕೂದಲೂ ಕೆದರಿಲ್ಲ. ಹಾಸ್ಟೆಲ್ ಗೇಟಿನ ಹತ್ತಿರದ ಕಟ್ಟೆಯ ಮೇಲೆ ಕೂತೆವು.

"ಇನ್ನ ಹಾಸ್ಟೆಲ್ ಯಾಕಬೇ? ಮುಂಜಾನೆ ಬಸ್ಸಿಗೆ ಬಾ, ಸಂಜಿಕ ಮನಿಗಿ ಬಾ. ಒಂದ ತಾಸಿನ ದಾರಿ."

ನಾನು ಕಟ್ಟೆಯ ಬಿರುಕಿನ ಹುಲ್ಲು ಕಿತ್ತೆ.

"ದಿನಾ ಬುತ್ತಿ ಮುಟ್ಟತಿತ್ತು, ಸುಮ್ಮನಿದ್ದೆ. ಈಗ ಅದೂ ಇಲ್ಲ. ನಿಮ್ಮ ದಾದಿ ಇನ್ನೂ ಜಾಲಿಗಿಡದ ಕೆಳಗ ನಿಂತಾಳ. ಬಸ್ಸು ಹಾದಿ ತಪ್ಪೇತಿ, ಬರತೈತಿ ಅಂತಾಳ. ನಿಮ್ಮಮ್ಮ ಬುತ್ತಿ ಇಸಕೊಳ್ಳಾಕ ಹೋದ್ರ ಕೈ ಮ್ಯಾಲ ಹೊಡದ್ಳು."

"ಅಬ್ಬಾ, ಮಾರ್ಚ್‌ನಾಗ ಎಕ್ಸಾಮ್..."

"ಮುಂದಿನ ರವಿವಾರತನಕ ನೋಡತೀನಿ. ಬುತ್ತಿ ಮುಟ್ಟಿದ್ರ ಇರು. ಉಪಾಸ ಇಟ್ಟು ಓದ್ಸೂದಿಲ್ಲ ನಾ."

ಹೋದ. ಕಟ್ಟೆಯ ಮೇಲೆ ಹಾಗೇ ಕೂತಿದ್ದೆ.

ಹತ್ತು ವರ್ಷದವಳಿದ್ದಾಗ, ಶಾಲೆಗೆಂದು ಇಲ್ಲಿ ಬಿಟ್ಟ ದಿನ, ಇದೇ ಅಬ್ಬಾನ ಅಂಗಿ ಹಿಡಿದು ಅತ್ತಿದ್ದೆ, ಮನೆಗೆ ಕರೆದುಕೊಂಡು ಹೋಗು ಎಂದು. ಆಗ ಅಬ್ಬಾ ಅಂದಿದ್ದ — ರೋಡು ಆಗಲಿ, ಕರೆದುಕೊಂಡು ಹೋಗುತ್ತೇನೆ. ಆ ದಿನ ದಾದಿಮಾ ಸಹ ಬಂದಿದ್ದಳು. ಧೂಳಿನಲ್ಲಿ ಎರಡೂವರೆ ತಾಸು, ಟಿಕೋಟಾದಲ್ಲಿ ಇಳಿದು ವಾಂತಿ, ಮತ್ತೆ ಹತ್ತಿ ವಾಂತಿ. ನನ್ನ ತಲೆ ಅವಳ ತೊಡೆಯ ಮೇಲೆ. ಅವಳ ಸೆರಗಿಗೆ ಜೋಳದ ಹಿಟ್ಟಿನ ವಾಸನೆ. ಗುಂಡಿ ಬಂದಾಗಲೆಲ್ಲ ಹಣೆಯ ಮೇಲೆ ಕೈ ಒತ್ತುತ್ತಿದ್ದಳು, ತಲೆ ಹಾರಬಾರದೆಂದು. ಹಾದಿ ಇನ್ನೂ ಉದ್ದ ಇರಲಿ ಎಂದುಕೊಂಡಿದ್ದೆ.

ಈಗ ರೋಡು ಆಗಿದೆ. ಅಬ್ಬಾ ಮಾತು ಉಳಿಸಿಕೊಂಡಿದ್ದಾನೆ. ನನಗೇ ಬೇಡವಾಗಿದೆ. ಇಲ್ಲಿ ಕರೆಂಟಿನ ದೀಪ, ನನ್ನದೇ ಟೇಬಲ್, ಗುರುಬಸವ್ವ. ವಸ್ತಿಯಲ್ಲಿ ಚಿಮಣಿ ದೀಪ, ಕೊಡ, ಎಮ್ಮೆ, ಬಂದವರಿಗೆಲ್ಲ ಚಹಾ. ಹೋದರೆ ಫೇಲ್. ಇದನ್ನು ಅಬ್ಬಾಗೆ ಹೇಗೆ ಹೇಳುವುದು? ಮನೆ ಬೇಡ ಎಂದ ಹಾಗಾಗುತ್ತದೆ.

ಡಿ. 18

ಇಲ್ಲ.

ಡಿ. 19

ಇಲ್ಲ. ಗುರುಬಸವ್ವನ ಬುತ್ತಿಯಲ್ಲಿ ಅರ್ಧ. ಅವಳ ಅವ್ವ ಎರಡು ರೊಟ್ಟಿ ಹೆಚ್ಚು ಕಟ್ಟುತ್ತಿದ್ದಾಳೆ. "ನಮ್ಮ ಹಾದಿ ಕೆಟ್ಟದ್ದ ಛಲೋ ಆತು ನೋಡು. ನನಗ ಮನಿಗಿ ಬಾ ಅನ್ನೋರ ಇಲ್ಲ," ಎಂದು ನಗಿಸಲು ನೋಡಿದಳು.

ಡಿ. 20, ಬುಧವಾರ

ಮಾಡಿಬಿಟ್ಟೆ.

13ನೇ ತಾರೀಖಿನ ಡಬ್ಬಿ ನನ್ನ ಹತ್ತಿರವೇ ಉಳಿದಿತ್ತು. ತೊಳೆದೆ. ಫಿಸಿಕ್ಸ್ ನೋಟ್‌ಬುಕ್ಕಿನ ಹಾಳೆ ಹರಿದು ಸಕ್ಕರೆ ಕಟ್ಟಿ ಒಳಗಿಟ್ಟೆ. ಮುಂಜಾನೆ ಬಸ್ಸಿನ ಹತ್ತಿರ ಹೋಗಿ, "ಕಾಕಾ, ಅಬ್ಬಾ ಹೊಲದಾಗ ಇದ್ರ ಕೊಡ್ರಿ," ಎಂದೆ.

ಅಮರಪ್ಪ ಡಬ್ಬಿ ನೋಡಿದ, ನನ್ನ ಮುಖ ನೋಡಿದ. "ಬುತ್ತಿ ಬಂದಿಲ್ಲಲ್ಲಬೇ?"

"ಕೊಡ್ರಿ ಕಾಕಾ."

ಅಬ್ಬಾ ನಸುಕಿನಲ್ಲೇ ಹೊಲಕ್ಕೆ ಹೋಗುತ್ತಾನೆ. ಮನೆಯಲ್ಲಿ ಏನಾಯಿತೆಂದು ಅವನಿಗೆ ಗೊತ್ತಿರುವುದಿಲ್ಲ. ಡಬ್ಬಿ ಬಂತು, ಸಕ್ಕರೆ ಇದೆ — ಅಂದರೆ ಬುತ್ತಿ ಮುಟ್ಟಿದೆ. ಪರ್ಫೆಕ್ಟ್.

ಡಿ. 21, ಗುರುವಾರ. ನಸುಕು 5

ಪರ್ಫೆಕ್ಟ್ ಅಲ್ಲ. ಎಚ್ಚರವಾದ ಕೂಡಲೇ ಹೊಳೆಯಿತು. ಅಬ್ಬಾಗೆ ಗೊತ್ತಾಗುವುದಿಲ್ಲ, ಸರಿ. ದಾದಿಮಾಗೆ? ದಿನಾ ಬುತ್ತಿ ಕಟ್ಟಿ, ಜಾಲಿಗಿಡದ ಕೆಳಗೆ ನಿಂತು, ಅದೇ ಬುತ್ತಿ ಹೊತ್ತುಕೊಂಡು ಮನೆಗೆ ತಿರುಗಿ ಬರುತ್ತಿರುವವಳು ಅವಳು. ಕಳಿಸದ ಬುತ್ತಿಗೆ ಸಕ್ಕರೆ ಬಂದಿದೆ ಅವಳಿಗೆ!

ಉಂಡಿದ್ದೇನೆ ಎಂದು ಸುಳ್ಳು ಕಳಿಸಿದೆ. ಸಕ್ಕರೆಯಲ್ಲಿ.

ಅದೇ ದಿನ, ರಾತ್ರಿ 10 ಗಂಟೆ

ಬುತ್ತಿ ಇಲ್ಲ. ಅಮರಪ್ಪ ಹೇಳಿದ, "ನಿಮ್ಮ ಅಬ್ಬಾ ಡಬ್ಬಿ ತಗದು ನೋಡಿ ನಕ್ಕ. ಮುದಕಿ ಹಟಾ ಬಿಟ್ಟಾಳ ಅಂದ. ನಾ ಏನೂ ಹೇಳಿಲ್ಲ ಮತ್ತ."

ದಾದಿಮಾ ಅಬ್ಬಾನ ಮುಂದೆ ಏನಂದಳೋ. ಲ್ಯಾಬಿನಲ್ಲಿ ಟೆಸ್ಟ್‌ಟ್ಯೂಬ್ ಒಡೆದೆ.

ಡಿ. 22, ಶುಕ್ರವಾರ

ಬೇಗ ಬೇಗ ಬರೆಯುತ್ತೇನೆ.

ಬಸ್ಸು ಹತ್ತು ಮಿನಿಟು ಲೇಟ್. ಹೊಸ ರೋಡಿನಲ್ಲಿ ಲೇಟ್! ಇಳಿದವರಲ್ಲಿ ಕೆಲವರು ಸಿಟ್ಟಿನಲ್ಲಿ, ಕೆಲವರು ನಗುತ್ತ. ಅಮರಪ್ಪ ಸೀದಾ ನನ್ನ ಹತ್ತಿರ ಬಂದ. ಕೈಯಲ್ಲಿ ಹಸಿರು ಗಂಟು.

"ನಡು ರೋಡಿನ್ಯಾಗ ನಿಂತಿದ್ದಳಬೇ! ಬರಿಗಾಲಿಲೆ, ಬುತ್ತಿ ತಲಿ ಮ್ಯಾಲ ಇಟ್ಕೊಂಡು. ಹಾರ್ನ್ ಹೊಡದೆ, ಸರೀಲಿಲ್ಲ. ಬ್ರೇಕ್ ಹಾಕಿದ್ದಕ್ಕ ಹಿಂದಿನವ್ರೆಲ್ಲ ಮುಂದ ಬಂದು ಬಿದ್ರು."

"ಒಬ್ಬಾಂವ ಕಿಟಕಿಯಾಗಿಂದ ಅಂದ," ದ್ರಾಕ್ಷಿಯವನು ನಡುವೆ ಬಾಯಿ ಹಾಕಿದ, "ಏ ಮುದಕಿ, ರೋಡೇನ್ ನಿಮ್ಮಪ್ಪಂದೇನು ಅಂತ. ಅದಕ್ಕಾಕಿ — ನಮ್ಮಪ್ಪಂದಲ್ಲೋ ತಮ್ಮಾ, ನನ್ನ ಗಂಡಂದು. ನೀ ಬಸ್ಸಿನ್ಯಾಗ ಕುಂತೀನಿ ಅಂತ ತಿಳಕೊಂಡಿ? ನನ್ನ ಜ್ವಾಳದಾಗ ಕುಂತೀದಿ!"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಯಾಕೂಬ ಚಾಚಾ ಬೆಂಚು ಒರೆಸಿ, ಗಂಟನ್ನು ತಾನೇ ಅದರ ಮೇಲಿಟ್ಟು, ಮತ್ತೆ ನನ್ನ ಕೈಗೆ ಕೊಟ್ಟ. ಹಾಗೆ ಕೊಡದಿದ್ದರೆ ಅವನಿಗೆ ಸಮಾಧಾನವಿಲ್ಲ.

ಅಮರಪ್ಪ ದನಿ ಇಳಿಸಿದ. "ಒಂದ ಮಾತ ಹೇಳಂದಾಳ. 'ಉಂಡ ಮ್ಯಾಲ ಕಳಸು' ಅಂತ. ತಿಳೀತೇನು?"

ರೂಮಿಗೆ ಬಂದು ಬಿಚ್ಚಿದೆ. ಕಡಕ್ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಹಿಂಡಿಯ ಪಕ್ಕದಲ್ಲಿ ಒಂದು ಕಾಗದದ ಪುಡಿಕೆ. ನನ್ನ ಫಿಸಿಕ್ಸ್ ಹಾಳೆ, ನನ್ನದೇ ಅಕ್ಷರ. ಬಿಚ್ಚಿಯೂ ಇಲ್ಲ.

ಗುರುಬಸವ್ವ ಕೇಳಿದಳು, "ಯಾಕಬೇ, ಖಾರ ಆತೇನು?"

ಹೂಂ ಎಂದೆ.

ಡಿ. 24, ರವಿವಾರ

ಅಬ್ಬಾ ಬಂದು ಹೋದ. "ಶುಕ್ರವಾರ, ಶನಿವಾರ ನಾನ ಹೊಲದಾಗ ನಿಂತು ನೋಡೇನಿ, ಬುತ್ತಿ ಬಸ್ಸಿಗಿ ಹೋತು. ಇರು, ಓದು. ಆದ್ರ ಅಕಿಗಿ ಏನ್ ಮಂತ್ರಾ ಹಾಕಿದಿ? ಹನ್ನೊಂದ ವರ್ಷ ನಾ ಹೇಳಿ ಸಾಕಾಗಿತ್ತು."

ಸಕ್ಕರೆಯ ಸುಳ್ಳನ್ನು ದಾದಿಮಾ ಅಬ್ಬಾಗೆ ಹೇಳಿಲ್ಲ.

ಹೋಗುವಾಗ ಅಬ್ಬಾ ಅಂದ, "ನೀ ಮನಿಗಿ ಬರತೀ ಅಂತ ಗೊತ್ತಾದಾಗ ನಿನ್ನ ಹಾಸಿಗಿ ತಗದು ಬಿಸಲಿಗಿ ಹಾಕಿದ್ಳು. ಗುರುವಾರ ಅಕೀನ ಮಡಚಿ ಒಳಗಿಟ್ಟಾಳ."

ಏಳು ವರ್ಷದಿಂದ ನನ್ನನ್ನು ಮನೆಗೆ ಕರೆ ಎಂದು ಅಬ್ಬಾನ ಜೊತೆ ಜಗಳಾಡುತ್ತಿದ್ದವಳು ಅವಳೊಬ್ಬಳೇ.

ಡಿ. 25, ಸೋಮವಾರ. 9:50, ಬಸ್ಸಿನಲ್ಲಿ

ಕಾಲೇಜಿಗೆ ರಜೆ. ವಾರ್ಡನ್ ಪರ್ಮಿಶನ್ ಸಿಕ್ಕಿತು, ಸಂಜೆಯೊಳಗೆ ವಾಪಸ್. ಡಬ್ಬಿ ತೊಳೆದೆ. ಹೊಸ ಪುಡಿಕೆ ಕಟ್ಟಿದೆ, ಉಂಡ ಮೇಲೆಯೇ. ಅಮರಪ್ಪನಿಗೆ ಕೊಡಲು ಹೋದವಳು ಬಸ್ಸನ್ನೇ ಹತ್ತಿದೆ.

ಮೊದಲ ಸಲ ಬಸ್ಸಿನಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಕುಣಿಯುತ್ತಿಲ್ಲ. ಹಳೆ ಹಾದಿಯಲ್ಲಿ ಹೆಸರು ಸಹ ಬರೆಯಲಾಗುತ್ತಿರಲಿಲ್ಲ. ಟಿಕೋಟಾ ಆಗಲೇ ದಾಟಿತು, ವಾಂತಿ ಮಾಡುತ್ತಿದ್ದ ಕಟ್ಟೆ ಎಲ್ಲಿ ಹೋಯಿತೋ ನೋಡಲೇ ಇಲ್ಲ. ಹಣೆಯ ಮೇಲೆ ಕೈ ಬೇಕಾಗಿಲ್ಲ ಈ ರೋಡಿಗೆ...

ಎರಡೂ ಕಡೆ ತೆನೆ ಬಿಟ್ಟ ಜೋಳ. ಬಲಕ್ಕೆ ದೂರದಲ್ಲಿ ಜಾಲಿಗಿಡ. ಇಲ್ಲಿಂದ ಎಷ್ಟು ಸಣ್ಣದು! ಕೆಳಗೆ ಯಾರೂ ಇಲ್ಲ.

ಅಮರಪ್ಪ ಗೇರ್ ಇಳಿಸಿದ. ಕಾಣಿಸಿದಳು — ಇವತ್ತು ನಡು ರೋಡಿನಲ್ಲಲ್ಲ, ಬದಿಗೆ. ಬರಿಗಾಲು ಡಾಂಬರಿನ ಮೇಲೆ. ಡಬ್ಬಿಗೆಂದು ಕೈ ಚಾಚಿದ್ದಾಳೆ. ನಾನು ಒಳಗಿರುವುದು ಅವಳಿಗೆ ಇನ್ನೂ ಗೊತ್ತಿಲ್ಲ.