ಗಂಗೂಳ ಹಲಗೆ

ವಿಕ್ರೋಳಿ, ಮುಂಬಯಿ
೧೯ ಆಗಸ್ಟ್ ೧೯೭೯, ರವಿವಾರ

ಮಾನ್ಯ ಸ್ಟೋವ್ ಅವರೇ, ಗೌರವಾನ್ವಿತ ತಿಗಣೆಗಳೇ, ಹಾಗೂ ವಿಜಾಪುರದ ತವರುಮನೆಯ ಕಟ್ಟೆಯ ಮೇಲೆ ಕೂತು ಇದನ್ನು ಓದುತ್ತಿರುವ ಸಭಾಧ್ಯಕ್ಷೆ, ಪ್ರೀತಿಯ ಕಸ್ತೂರಿಯೇ,

ನಿನ್ನ ಮೊಣಕಾಲು ನೋವು ಹೇಗಿದೆ? ಊಟ ಸೇರುತ್ತದೆಯೇ? ಮಾವನವರ ಕೆಮ್ಮು ಇಳಿಯಿತೇ? ನಾನು ಆರಾಮಿದ್ದೇನೆ. ನಿನ್ನೆ ರೊಟ್ಟಿ ಬಡಿಯಲು ಹೋಗಿ ಭಾರತದ ನಕಾಶೆ ತೆಗೆದೆ. ಶ್ರೀಲಂಕೆ ಸ್ಟೋವಿನೊಳಗೆ ಬಿತ್ತು.

ಇನ್ನು ಆಫೀಸಿನ ಸುದ್ದಿ. ಹೊರದೇಶದಲ್ಲಿ ಕಲಿತು ಬಂದ ಸಾಹೇಬರೊಬ್ಬರು ನಮ್ಮ ಕಂಪ್ಯೂಟರ್ ವಿಭಾಗದಲ್ಲಿ ಉಪನ್ಯಾಸ ಕೊಟ್ಟರು. ಮಾಹಿತಿಯನ್ನೆಲ್ಲ ಕೋಷ್ಟಕಗಳಲ್ಲಿ ಸಾಲುಸಾಲಾಗಿ ಇಡುವ ಹೊಸ ಪದ್ಧತಿ ಬಂದಿದೆಯಂತೆ. ಯಂತ್ರದೊಳಗೆ ಮಾಹಿತಿ ಉಳಿಸುವ ಡಿಸ್ಕ್ ತಟ್ಟೆಯ ಮೇಲೆ ತಾನು ನಿಜಕ್ಕೂ ಎಲ್ಲಿ ಕೂತಿದ್ದೇನೆಂದು ಕೋಷ್ಟಕಕ್ಕೆ ಗೊತ್ತೇ ಇರುವುದಿಲ್ಲ. ಅದಕ್ಕಿರುವುದು ಅದರ ಹೆಸರಿಗೆ ಬರೆದ ಜಾಗ ಮಾತ್ರ: ದೊಡ್ಡದೊಂದು ಜಾಗದಲ್ಲಿ ಪ್ರತಿ ಕೋಷ್ಟಕಕ್ಕೂ ಒಂದು ಪಾಲು, ಅದು ತುಂಬಿದರೆ ಪಾಲಿಗೆ ಇನ್ನೊಂದು ತುಂಡು, ತುಂಡಿನೊಳಗೆ ಒಂದೇ ಅಳತೆಯ ಸಣ್ಣ ಸಣ್ಣ ಮನೆಗಳು. ನನಗೆ ಚಾಳಿನ ಒಂದೇ ಕೋಣೆಯ ನಮ್ಮ ಖೋಲಿಯೇ ಕಣ್ಣಿಗೆ ಬಂತು. ಗೋಡೆ ಚಾಳಿನ ಮಾಲೀಕನದು. ಅದಕ್ಕೆ ಹೊಡೆದ ಸಾಮಾನಿನ ಹಲಗೆಗಳಲ್ಲಿ ಮೇಲಿನದು ನನ್ನದು, ನಡುವಿನದು ನಿನ್ನದು, ಕೆಳಗಿನದು, ಕೈಗೆ ಎಟುಕಲೆಂದು, ಮಗಳು ಗಂಗೂಳದು ಎಂಬುದೆಲ್ಲ ನಮ್ಮ ಬಾಯಲ್ಲಿರುವ ವಿಂಗಡಣೆ, ಅಷ್ಟೇ.

ಸಾಲುಗಳನ್ನು ಅಳಿಸಿದರೂ ಆ ಜಾಗ ಬೇರೆಯವರಿಗೆ ಹೋಗುವುದಿಲ್ಲವಂತೆ. ಅದೇ ಕೋಷ್ಟಕದ ಹೆಸರಿಗೆ ಖಾಲಿ ಉಳಿಯುತ್ತದೆ. ಕೋಷ್ಟಕವನ್ನೇ ಕಿತ್ತುಹಾಕಿದರೆ ಮಾತ್ರ ಬಿಡುಗಡೆ. ನನ್ನ ಪಕ್ಕದ ಮೇಜಿನ ಭೀಮರಾಯ ಎದ್ದು ನಿಂತ: “ಸಾಹೇಬ್ರ, ಮಂದಿ ಹ್ವಾದ್ರೂ ಖೋಲಿ ಅವರ ಹೆಸರಿಗೇ! ಇದು ನಮ್ಮ ಮುಂಬಯಿ ಪಗಡಿ ಬಾಡಿಗೀನ ಆತಲ್ರೀ!” ಎಲ್ಲರೂ ನಕ್ಕರು. ನಾನು ನೀರು ಕುಡಿಯುವ ನೆಪ ಮಾಡಿ ಹೊರಗೆ ಹೋದೆ.

ಕಾಮಾಲೆ ಗಂಗೂಳನ್ನು ಒಯ್ದ ಮೇಲೆ, ಗಾಡಿ ಹತ್ತುವಾಗ ನೀನು ಹೇಳಿದ್ದು ಇನ್ನೂ ಕಿವಿಯಲ್ಲಿದೆ: “ಆ ಹಲಗಿ ಖಾಲಿ ಆಗೂತನಕ ನಾ ಆ ಖೋಲ್ಯಾಗ ಕಾಲಿಡಂಗಿಲ್ರಿ.” ಖಾಲಿ ಮಾಡಿದ್ದೇನೆ. ಲಂಗಗಳನ್ನು ಎದುರು ಖೋಲಿಯ ಹಾಲವ್ವನ ಮೊಮ್ಮಗಳಿಗೆ ಕೊಟ್ಟೆ. ಬರೆಯುವ ಪಾಟಿಯನ್ನೂ ಕೊಟ್ಟೆ. ಹಲಗೆ ಒರೆಸಿ ನಿನ್ನ ಉಪ್ಪಿನಕಾಯಿ ಜಾಡಿ ಇಟ್ಟಿದ್ದೇನೆ. ಇನ್ನು ಅಂಜದೆ ಬಾ. ದಾದರ್ ಸ್ಟೇಶನ್ನಿಗೆ ಬಂದು ನಿಂತಿರುತ್ತೇನೆ.

ಅತ್ತೆ ಮಾವನವರಿಗೆ ನಮಸ್ಕಾರ ತಿಳಿಸು. ನಿನಗೆ ನನ್ನ ಬಳಿ ಉಳಿದಿರುವ ಆಶೀರ್ವಾದವೆಲ್ಲ.

ನಿನ್ನ
ನೀಲಕಂಠಪ್ಪ

ತಾ.ಕ.: ಕಸ್ತೂರಿ, ಮೇಲೆ ಬರೆದದ್ದು ಸುಳ್ಳು. ಲಂಗ ಮಡಚಿ ಹಿಡಿದು ಹಾಲವ್ವನ ಬಾಗಿಲ ತನಕ ಹೋದೆ, ತಿರುಗಿ ಬಂದೆ, ಇದ್ದಲ್ಲೇ ಇಟ್ಟೆ. ಗಂಗೂಳನ್ನು ಎಬ್ಬಿಸುತ್ತಿದ್ದ ನನ್ನ ಪ್ರಾಸ ಬೆಳಗಾದರೆ ತಾನಾಗಿ ಬಾಯಿಗೆ ಬರುತ್ತದೆ: “ಏಳವ್ವ ಗಂಗೂಬಾಯಿ, ಹಾಲು ಕಾಸ್ಯಾಳ ತಾಯಿ.” ಮೊದಲ ಸಾಲಿನವಳೂ ಇಲ್ಲ, ಎರಡನೆಯ ಸಾಲಿನವಳೂ ಇಲ್ಲ. ನನ್ನೊಬ್ಬನ ಕೈಲಿ ಆಗುವುದಿಲ್ಲ. ಹಲಗೆ ತುಂಬಿಯೇ ಇದೆ. ಆದರೂ ಬಾ.