ನಲವತ್ತೊಂದನೇ ಕಂತಿನ ಮೌನ

ಕೋಲಾರದ ಹಳೆಯ ಗಣಿ
ಫೆಬ್ರವರಿ ಮೂವತ್ತು, ೨೧೮೬

ಆ ಧಾರಾವಾಹಿಗೆ ಧ್ವನಿ ಜೋಡಿಸಿದವರಿಗೆ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿಲ್ಲ. ನನ್ನ ಕೆಲವು ಪದಗಳೂ ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ನಿಮ್ಮ ಹೆಸರು ಟೇಪಿನ ಹಾಳಾದ ಭಾಗದಲ್ಲಿತ್ತು.

ಚಿನ್ನ ಮುಗಿದ ಸುರಂಗಗಳಲ್ಲಿ ನಾವೀಗ ಹಳೆಯ ಟಿವಿ ಧಾರಾವಾಹಿಗಳನ್ನು ಕಾಪಿಡುತ್ತೇವೆ. ನನ್ನದು ಮೌನಭರ್ತಿಯ ಕೆಲಸ. ಧ್ವನಿ ಅಳಿಸಿಹೋದ ಕಡೆ ಏನಿತ್ತೆಂದು ಉಳಿದ ಕಂತುಗಳನ್ನು ಕೇಳಿದ ಯಂತ್ರ ಊಹಿಸುತ್ತದೆ, ನಾನು ಒಪ್ಪುತ್ತೇನೆ. ಆಮೇಲೆ ಒಪ್ಪುನೋಟ. ಕಥೆ ಯಾರ ಬದುಕಿನದೋ ಅಂಥವರೊಬ್ಬರು ಕೂತು ನೋಡಿ ಸಹಿ ಹಾಕದೆ ಯಾವ ಟೇಪೂ ಲಿಫ್ಟ್ ಹತ್ತಿ ಮೇಲೆ ಹೋಗುವುದಿಲ್ಲ.

ನಿಮ್ಮ ಧಾರಾವಾಹಿಯ ಮೋಹನಾಳನ್ನು ನೋಡಲು ಪದ್ಮಾಂಬ ಬಂದರು. ಮೋಹನಾಳಂತೆ ಅವರನ್ನೂ ಮನೆಯವರು ಗಂಡುಮಗನೆಂದು ಬೆಳೆಸಿದ್ದರು. ಅವರೂ ಹೆಣ್ಣಾಗಿ ಬದುಕುವ ದಾರಿ ಹಿಡಿದವರು. ಮೋಹನಾ ಹೆಜ್ಜೆಯಿಟ್ಟಲ್ಲೆಲ್ಲ ನೀವೊಂದು ಸ್ಪ್ರಿಂಗ್ ಸದ್ದು ಸೇರಿಸಿದ್ದೀರಿ. ಮೊದಲ ದಿನ ಪದ್ಮಾಂಬ ನಕ್ಕರು. "ನಾವು ನಡೆದ್ರೆ ಹಿಂಗೆ ಸದ್ದು ಬರುತ್ತೆ ಅಂತ ನಂಗೆ ಗೊತ್ತೇ ಇರ್ಲಿಲ್ಲ ಸಾರ್. ಎಣ್ಣೆ ಬಿಡಿಸ್ಕೋಬೇಕು." ಹತ್ತನೇ ಕಂತಿನ ಹೊತ್ತಿಗೆ ನಗು ನಿಂತಿತ್ತು.

ನಲವತ್ತೊಂದನೆಯದರಲ್ಲಿ ಮೋಹನಾ ಸೀರೆಯುಟ್ಟು ಮೊದಲ ಬಾರಿ ತಾಯಿಯ ಮನೆಗೆ ಬರುತ್ತಾಳೆ. ನಮ್ಮ ಟೇಪಿನಲ್ಲಿ ಆ ಒಂದು ನಿಮಿಷದ ಧ್ವನಿ ಅಳಿಸಿಹೋಗಿತ್ತು. ಯಂತ್ರ ಸ್ಪ್ರಿಂಗ್ ಸೂಚಿಸಿತು. ನಾನು ಒಪ್ಪಿದೆ. ಯೋಚಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ನಿಮ್ಮಿಂದ ಇನ್ನೇನು ಬಂದೀತು ಎಂದು ಯೋಚಿಸಿದ್ದೆ.

"ಇಲ್ಲೂ ಬಿಡ್ಲಿಲ್ಲ ನೋಡಿ ಸಾರ್. ಹೆತ್ತಮ್ಮನ ಮುಂದೂ ಕುಣಿಸವ್ರೆ," ಎಂದರು ಪದ್ಮಾಂಬ.

"ಆ ಕಾಲದ ಜನಾನೇ ಹಂಗಮ್ಮ," ಎಂದೆ.

ಅವರು ಸಹಿ ಹಾಕಿದರು. ತಮ್ಮ ತಾಯಿಯನ್ನು ನೋಡಲು ಹೋಗಬೇಕೆಂದು ಪಡೆದಿದ್ದ ರಜೆಯನ್ನು ಆ ವಾರವೇ ರದ್ದು ಮಾಡಿಸಿದರು. ಎರಡಕ್ಕೂ ಸಂಬಂಧವಿದೆಯೇ ಎಂದು ನಾನು ಕೇಳಲಿಲ್ಲ. ಕೇಳದಿರುವುದನ್ನು ಸಭ್ಯತೆ ಎಂದುಕೊಂಡೆ.

ಮೊನ್ನೆ ಅದೇ ಕಂತಿನ, ಧ್ವನಿ ಅಳಿಯದ ಇನ್ನೊಂದು ಪ್ರತಿ ಸಿಕ್ಕಿತು. ಆ ನಿಮಿಷದಲ್ಲಿ ನೀವು ಏನನ್ನೂ ಸೇರಿಸಿರಲಿಲ್ಲ. ತಾಯಿ ಬಾಗಿಲಿನಿಂದ ಪಕ್ಕಕ್ಕೆ ಸರಿಯುತ್ತಾಳೆ, ಮಣೆ ಎಳೆದು ಹಾಕುತ್ತಾಳೆ. ಮಣೆ ನೆಲಕ್ಕೆ ಉಜ್ಜುವ ಸದ್ದು, ಅಷ್ಟೇ.

ನಲವತ್ತು ಕಂತುಗಳಲ್ಲಿ ನೀವು ಅವಳನ್ನು ನಗೆಪಾಟಲು ಮಾಡಿದಿರಿ. ಅದನ್ನು ನಾನು ಮನ್ನಿಸಲಾರೆ, ಅದು ನನ್ನ ಕೆಲಸವೂ ಅಲ್ಲ. ಆದರೆ ಒಮ್ಮೆ ನಿಮ್ಮ ಕೈ ತಡೆದಿತ್ತು. ಆ ತಡೆದ ಕೈಯನ್ನು ಅಳಿಸಿದವನು ನಾನು. ಅಳಿಸಿ, ನಿಮ್ಮತ್ತ ಬೆರಳು ತೋರಿಸಿದೆ.

ಒಂದು ವಿನಂತಿ. ಮತ್ತೆಲ್ಲಾದರೂ ಹಾಗೆ ಕೈ ತಡೆದರೆ, ಟೇಪಿನ ಡಬ್ಬಿಯ ಮೇಲೆ ಬರೆದಿಡಿ: ಇಲ್ಲಿ ಬೇಕೆಂದೇ ಸುಮ್ಮನಿದ್ದೇವೆ. ನಮ್ಮಂಥವರ ಕೈಗೆ ಸಿಕ್ಕಾಗ ಬೇಕಾಗುತ್ತದೆ.

ನಾಳೆ ಪದ್ಮಾಂಬರಿಗೆ ಈ ಪ್ರತಿ ಹಾಕಿ ತೋರಿಸುತ್ತೇನೆ. ಒಪ್ಪುನೋಟದಲ್ಲಿ ಟೇಪು ನೋಡುವವರ ಬೆನ್ನ ಹಿಂದೆ ನಾವು ಕೂರುವುದು ಪದ್ಧತಿ, ಅವರ ಮುಖ ನಮಗೆ ಕಾಣಬಾರದೆಂದು. ನಾಳೆ ನಾನು ಎದುರಿಗೆ ಕೂರುತ್ತೇನೆ.