ಹಳದಿ ಪೊಟ್ಟಣದ ಪ್ರಾಯಶ್ಚಿತ್ತ

ತೈಪೆ, ನವೆಂಬರ್ ೧೨, ಬುಧವಾರ

ಯಾವ ಲ್ಯಾಪ್‌ಟಾಪ್ ಎಂಬ ಮಹಾಪ್ರಶ್ನೆ ಇನ್ನೂ ಬಗೆಹರಿದಿಲ್ಲ. ಜಿಂಗ್‌ವೆನ್ ಅಕ್ಕ ಶುಕ್ರವಾರ ಪ್ರವಾಸಿಗರನ್ನು ಕರೆದುಕೊಂಡು ಆಲಿಶಾನ್ ಬೆಟ್ಟಕ್ಕೆ ಹೊರಡುತ್ತಾಳೆ. ಅವಳ ಹಳೆಯದು ಸೋಮವಾರ ಸತ್ತಿತು. ಕೊಲೆಗಾರ ನಾನೇ ಇರಬೇಕು. ಯಂತ್ರ ತಂಟೆ ಮಾಡದಿರಲೆಂದು ಅವಳೂ ಎಲ್ಲರಂತೆ ಅದರ ಪಕ್ಕದಲ್ಲಿ ಜೋಳದ ಕುರುಕಲಿನ ಹಸಿರು ಪೊಟ್ಟಣ ಇಟ್ಟಿದ್ದಳು. ನಾನು ಅದನ್ನು ತಿಂದು, ತಮಾಷೆಗೆ ಹಳದಿ ಪೊಟ್ಟಣ ಇಟ್ಟೆ. ಹಳದಿ ಕಂಡರೆ ಯಂತ್ರ ಮುನಿಯುತ್ತದೆಂದು ಇಲ್ಲಿ ಮಗುವಿಗೂ ಗೊತ್ತು.

ಅಕ್ಕನಿಗೆ ಇದನ್ನು ಹೇಳದೆಯೇ, ಪ್ರಾಯಶ್ಚಿತ್ತವಾಗಿ ಹೊಸದನ್ನು ಆರಿಸುವ ಹೊಣೆ ಹೊತ್ತು, ಅಡುಗೆಮನೆಯ ತಕ್ಕಡಿಯೊಂದಿಗೆ ಪೆಂಗ್ ಮಾಮನ ಅಂಗಡಿಗೆ ದಯಮಾಡಿಸಿದೆ. ಒಂದು ಹಗುರ, ಆದರೆ ಬ್ಯಾಟರಿ ಮಧ್ಯಾಹ್ನಕ್ಕೇ ಮುಗಿಯುತ್ತದೆ. ಇನ್ನೊಂದು ಇಡೀ ದಿನ ಬಾಳುತ್ತದೆ, ಆದರೆ ಅಕ್ಕನ ಭುಜನೋವಿಗೆ ಭಾರ. ಹಗುರದ್ದನ್ನು ಚಾರ್ಜರ್ ಸಮೇತ ತೂಗಿದರೆ ಎರಡೂ ಸಮ.

“ಏನಪ್ಪಾ, ಲ್ಯಾಪ್‌ಟಾಪ್ ತಗೋಳೋಕೆ ಬಂದ್ಯೋ, ಮೀನು ತೂಗೋಕೆ ಬಂದ್ಯೋ?” ಎಂದ ಮಾಮ.

ದಿಕ್ಕು ತೋಚದೆ ಅಕ್ಕನಿಗೆ ಫೋನ್ ಮಾಡಿದೆ.

“ನಿಂಗೆ ಸರಿ ಅನ್ಸಿದ್ದು ತಗೊಳ್ಳೋ. ಹಂಗೇ ಹಸಿರು ಪೊಟ್ಟಣ ಎರಡು ತಾ. ಒಂದು ಲ್ಯಾಪ್‌ಟಾಪ್‌ಗೆ, ಇನ್ನೊಂದು ನಿನ್ನ ಹೊಟ್ಟೆಗೆ.”

ಅಂದರೆ ಅವಳಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಆರಿಸುವುದನ್ನು ನನಗೇ ಬಿಟ್ಟದ್ದು ಕ್ಷಮೆಯೋ, ಶಿಕ್ಷೆಯೋ?

ಪೊಟ್ಟಣಗಳನ್ನಷ್ಟೇ ತಂದೆ. ಭಾರದ್ದನ್ನೇ ಕೊಂಡು ಬೆಟ್ಟದ ತನಕ ನಾನೇ ಹೊತ್ತರೆ? ಆದರೆ ಮುಂದಿನ ಪ್ರವಾಸಕ್ಕೆ ಯಾರು ಹೊರುತ್ತಾರೆ? ಹಾಗಾದರೆ ಹಗುರದ್ದೇ... ನನ್ನ ಪಾಲಿನ ಪೊಟ್ಟಣ ಎದುರಿಗೇ ಇದೆ. ಹಸಿವೂ ಇದೆ. ಒಡೆಯಲು ಮಾತ್ರ ಕೈ ಬರುತ್ತಿಲ್ಲ.